ಕಲ್ಲು ಕೂಚದ ಮೇಲೆ ಎಸಿಪಿ ಬೋರ್ಡ್: ಆರು ವರ್ಷ ಬಳಸಿದ ಮೇಲೆ

ನಮ್ಮದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ತರಕಾರಿ ಸಸಿಗಳ ನರ್ಸರಿ. ಟೊಮೆಟೊ, ಕ್ಯಾಪ್ಸಿಕಂ, ಹೂಕೋಸು, ಚೆಂಡುಹೂವಿನ ಸಸಿ ಬೆಳೆಸಿ ಕೊಡುತ್ತೇವೆ. ಹೊಸ ರೈತರು ಬೈಕಿನಲ್ಲಿ ಹೋಗ್ತಾ ಬೋರ್ಡ್ ನೋಡಿಯೇ ನಿಲ್ಲಿಸೋದು. ಬೋರ್ಡ್ ಬಿದ್ದರೆ ಅವರು ಮುಂದಿನ ನರ್ಸರಿಗೆ ಹೋಗುತ್ತಾರೆ, ಅಷ್ಟೆ. ಈಗಿರುವುದು ಕಲ್ಲು ಕೂಚದ, ಅಂದರೆ ಕಲ್ಲಿನ ಕಂಬದ ಮೇಲೆ ಕೂರಿಸಿದ ಎಸಿಪಿ ಬೋರ್ಡ್ (ಎಸಿಪಿ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್), 2019ರ ಜೂನ್‌ನಲ್ಲಿ ಹಾಕಿಸಿದ್ದು. ಆರು ವರ್ಷ ದಾಟಿದರೂ ಅಲ್ಲಾಡಿಲ್ಲ. ಆದರೆ ಅದಕ್ಕೂ ಮೊದಲು ಎರಡು ಬೋರ್ಡ್ ಕಳೆದುಕೊಂಡಿದ್ದೇನೆ. ಆ ಎರಡರ ಕಥೆ ಹೇಳದೆ ಇದನ್ನು ಹೊಗಳಿದರೆ ಯಾರಿಗೂ ಉಪಯೋಗ ಆಗಲ್ಲ.

ಮೊದಲನೆಯದು ಫ್ಲೆಕ್ಸ್. ಎರಡು ಸರ್ವೆ ಮರದ ಕಂಬ, ನಡುವೆ ಕಟ್ಟಿದ ಫ್ಲೆಕ್ಸ್. ಗಾಳಿ ಹಾದುಹೋಗಲಿ ಅಂತ ಅರ್ಧ ಚಂದ್ರನ ಹಾಗೆ ನಾಲ್ಕು ಕಡೆ ಕತ್ತರಿಸಿದ್ದರು. ಹರಿಯಲು ಶುರುವಾಗಿದ್ದು ಆ ಕತ್ತರಿಸಿದ ಜಾಗದಿಂದಲೇ. ವರ್ಷ ತುಂಬುವಷ್ಟರಲ್ಲಿ ಕೆಂಪು ಅಕ್ಷರ ಗುಲಾಬಿಯಾಗಿತ್ತು, ಬುಡದಲ್ಲಿ ಕಂಬಕ್ಕೆ ಗೆದ್ದಲು ಹತ್ತಿತ್ತು. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧ ಇದೆ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಗೊತ್ತಿದ್ದರೆ ಹಾಕಿಸುತ್ತಲೇ ಇರಲಿಲ್ಲ.

ಎರಡನೆಯದು ಎಸಿಪಿ. ಕಬ್ಬಿಣದ ಚೌಕ ಪೈಪಿನ ಫ್ರೇಮ್ ಮಾಡಿ, ಅದರ ಮೇಲೆ 3 ಎಂಎಂ ಶೀಟನ್ನು ಡಬಲ್ ಟೇಪ್ ಮತ್ತು ಸಿಲಿಕಾನ್‌ನಲ್ಲಿ ಅಂಟಿಸಿದ್ದರು. ಒಂದೂ ಸ್ಕ್ರೂ ಇಲ್ಲ. ನೋಡೋಕೆ ಬಹಳ ಚೆನ್ನಾಗಿತ್ತು, ಕನ್ನಡಿ ಥರ. ಬೇಸಿಗೆಯಲ್ಲಿ ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಬೋರ್ಡಿನಿಂದ ಟಕ್, ಟಕ್ ಅಂತ ಶಬ್ದ ಬರುತ್ತಿತ್ತು. ಹಲ್ಲಿ ಇರಬೇಕು ಅಂದುಕೊಂಡಿದ್ದೆ. ಅದು ಶೀಟ್ ಕುಗ್ಗುವಾಗ ಟೇಪಿನಿಂದ ಬಿಡುತ್ತಿದ್ದ ಶಬ್ದ. 2019ರ ಮೇ ಮೊದಲ ವಾರ, ಭರಣಿ ಮಳೆ. ಮಳೆಗೂ ಮುಂಚೆ ಬಂದ ಗಾಳಿಗೆ ಶೀಟ್ ಪೂರ್ತಿ ಎದ್ದು ರಸ್ತೆ ದಾಟಿ ಎದುರಿನ ದ್ರಾಕ್ಷಿ ತೋಟದ ಬೇಲಿಗೆ ಹೋಗಿ ಬಡಿಯಿತು. ಆ ಹೊತ್ತಿಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಒಬ್ಬರು ಬೈಕಿನಲ್ಲಿ ಬಂದಿದ್ದರೂ ಏನಾಗುತ್ತಿತ್ತೋ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮಾಡಿಕೊಟ್ಟವರು "ಗಾಳಿ ಜಾಸ್ತಿ ಬಂತು, ನಾವೇನು ಮಾಡೋದು" ಅಂದುಬಿಟ್ಟರು. ನನ್ನ ಅಕ್ಕನ ಮಗ ಸಿವಿಲ್ ಓದಿದ್ದಾನೆ. ಅವನು ಕೂತು ಲೆಕ್ಕ ಹಾಕಿ ತೋರಿಸಿದ. ಕಟ್ಟಡಗಳ ಮೇಲೆ ಬೀಳುವ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್ ಅಂತ ಕೊಟ್ಟಿದ್ದಾರೆ. ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಆ ಗಾಳಿ 8 ಅಡಿಗೆ 4 ಅಡಿ ಬೋರ್ಡಿಗೆ ನೇರವಾಗಿ ಹೊಡೆದರೆ ಸುಮಾರು 200 ಕೆಜಿ ಭಾರ ಹೇರಿದ ಹಾಗೆ ತಳ್ಳುತ್ತದೆ. 4 ಎಂಎಂ ಎಸಿಪಿ ಶೀಟ್ ಅಷ್ಟು ದೊಡ್ಡದು ತಗೊಂಡರೂ ತೂಕ 16 ಕೆಜಿ ಆಸುಪಾಸು. ನಾವೆಲ್ಲ ಬೋರ್ಡಿನ ತೂಕ ಹೊರುವಷ್ಟು ಗಟ್ಟಿ ಮಾಡಿಸುತ್ತೇವೆ, ಗಾಳಿಯ ಭಾರ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಅದೂ ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು ಆಗುತ್ತದಂತೆ.

ಮೂರನೇ ಸಲ ನಾನೇ ಮುಂದೆ ನಿಂತು ಮಾಡಿಸಿದೆ.

ಕಂಬಕ್ಕೆ ಕಬ್ಬಿಣ ಬೇಡ ಅನ್ನಿಸಿತು. ಹಳೇ ಫ್ರೇಮಿನಲ್ಲಿ ಪೈಪ್ ಚೆನ್ನಾಗಿಯೇ ಇತ್ತು, ವೆಲ್ಡಿಂಗ್ ಮಾಡಿದ ಜಾಗದಲ್ಲೆಲ್ಲ ತುಕ್ಕು ತಿಂದಿತ್ತು. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಹಾಕಿದರೂ ಇದೇ ತೊಂದರೆ. ವೆಲ್ಡಿಂಗ್ ಬಿಸಿಗೆ ಮೇಲಿನ ಸತುವಿನ ಲೇಪ ಸುಟ್ಟುಹೋಗುತ್ತದೆ, ಆಮೇಲೆ ಅಲ್ಲಿ ಜಿಂಕ್ ಪೇಂಟ್ ಬಳಿಯದಿದ್ದರೆ ಅದು ಬರೀ ಕಬ್ಬಿಣವೇ. ನಮ್ಮ ಕಡೆ ದ್ರಾಕ್ಷಿ ಚಪ್ಪರಕ್ಕೆ, ಬೇಲಿಗೆ ಕಲ್ಲು ಕೂಚ ನಿಲ್ಲಿಸುವುದು ಎಲ್ಲರಿಗೂ ಗೊತ್ತು. ತಾತನ ಕಾಲದ ಕೂಚಗಳು ಇನ್ನೂ ನಿಂತಿವೆ. ಬೋರ್ಡಿಗೂ ಅದೇ ಯಾಕಾಗಬಾರದು ಅಂತ 10 ಅಡಿ ಉದ್ದದ, 6 ಇಂಚು ಚೌಕದ ಎರಡು ಕೂಚ ತರಿಸಿದೆ. 3 ಅಡಿ ಗುಂಡಿ, ಸುತ್ತ ಕಾಂಕ್ರೀಟ್. ನೆಲದ ಮೇಲೆ 7 ಅಡಿ. ನಮ್ಮ ಬೇಲಿಯ ಒಳಗೇ ನಿಲ್ಲಿಸಿದ್ದೇವೆ, ರಸ್ತೆ ಜಾಗಕ್ಕೆ ಹೋಗಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಲ್ಲು ಭಾರ ಹೊರುತ್ತದೆ, ಬಗ್ಗುವುದಿಲ್ಲ. ತಡೆಯಲಾರದಷ್ಟು ಒತ್ತಡ ಬಂದರೆ ಸೀದಾ ಮುರಿಯುತ್ತದೆ. ನಮ್ಮಷ್ಟು ಎತ್ತರಕ್ಕೆ ಸರಿ. 12–15 ಅಡಿ ಎತ್ತರದ ಬೋರ್ಡ್ ಬೇಕೆಂದರೆ ದಯವಿಟ್ಟು ಕೂಚ ಬೇಡ, ದಪ್ಪ ಜಿಐ ಪೈಪ್ ಹಾಕಿಸಿ.

ಶೀಟ್ 4 ಎಂಎಂ, ಹೊರಗಿನ ಬಿಸಿಲು ತಡೆಯುವ ಪಿವಿಡಿಎಫ್ ಲೇಪದ್ದು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗೋದು ಸಾಮಾನ್ಯವಾಗಿ ಪಾಲಿಯೆಸ್ಟರ್ ಲೇಪದ್ದು, ಅದು ಒಳಗಡೆ ಕೆಲಸಕ್ಕೆ ಸಾಕು. ಹಳೇ ಬೋರ್ಡಿನ ಮೇಲೆ ಬೆರಳು ಉಜ್ಜಿದರೆ ಸುಣ್ಣದ ಹಾಗೆ ಬಿಳಿ ಪುಡಿ ಮೆತ್ತುತ್ತಿತ್ತು. ಹೊಸದರಲ್ಲಿ ಆರು ವರ್ಷಕ್ಕೂ ಬೆರಳು ಶುದ್ಧ. ನಮ್ಮ ಬೋರ್ಡ್ ಪಡುವಣಕ್ಕೆ ಮುಖ ಮಾಡಿದೆ, ಮಧ್ಯಾಹ್ನದ ಬಿಸಿಲು ಪೂರ್ತಿ ಅದರ ಮೇಲೆಯೇ. ಅಂಚುಗಳನ್ನು ಹಾಗೇ ಕತ್ತರಿಸಿ ಬಿಡದೆ ಹಿಂದಕ್ಕೆ ಮಡಚಿಸಿದ್ದೇನೆ. ಕತ್ತರಿಸಿದ ಅಂಚಿನಿಂದಲೇ ನೀರು ಸೇರಿ ಪದರ ಬಿಡಲು ಶುರುವಾಗೋದು.

ಇನ್ನು ಫಿಟ್ಟಿಂಗ್. ನಿಜವಾದ ಕೆಲಸ ಇರೋದು ಇಲ್ಲೇ. ಶೀಟಿನ ಹಿಂದೆ ಎರಡು ಅಡ್ಡ ಅಲ್ಯೂಮಿನಿಯಂ ಪೈಪ್, ಶೀಟನ್ನು ಅವಕ್ಕೆ ರಿವಿಟ್ ಹೊಡೆದಿದ್ದಾರೆ. ಎರಡೂ ಅಲ್ಯೂಮಿನಿಯಂ ಆದ್ದರಿಂದ ಬಿಸಿಲಿಗೆ ಒಟ್ಟಿಗೆ ಹಿಗ್ಗುತ್ತವೆ. ಕಲ್ಲು ಅಷ್ಟು ಹಿಗ್ಗಲ್ಲ. ಅಲ್ಯೂಮಿನಿಯಂ 1 ಮೀಟರ್ ಉದ್ದ ಇದ್ದರೆ, 1 ಡಿಗ್ರಿ ಬಿಸಿ ಏರಿದಾಗ 1 ಎಂಎಂನ ಸಾವಿರ ಭಾಗದಲ್ಲಿ 23–24 ಭಾಗ ಬೆಳೆಯುತ್ತದೆ. ಡಿಸೆಂಬರ್ ಬೆಳಗಿನ ಚಳಿಗೂ ಏಪ್ರಿಲ್ ಮಧ್ಯಾಹ್ನ ಕೈ ಇಡಲಾಗದಷ್ಟು ಕಾದ ಶೀಟಿಗೂ 40 ಡಿಗ್ರಿ ವ್ಯತ್ಯಾಸ ಅಂತ ಹಿಡಿಯಿರಿ. 8 ಅಡಿ ಬೋರ್ಡ್ 2 ಎಂಎಂಗಿಂತ ಸ್ವಲ್ಪ ಜಾಸ್ತಿ ಉದ್ದ ಆಗುತ್ತದೆ. ಕೇಳೋಕೆ ಸಣ್ಣದು. ಆದರೆ ಎರಡೂ ಕಡೆ ಬಿಗಿಯಾಗಿ ಹಿಡಿದರೆ ಆ 2 ಎಂಎಂ ಎಲ್ಲಿಗೆ ಹೋಗಬೇಕು? ಶೀಟ್ ಉಬ್ಬುತ್ತದೆ, ಇಲ್ಲವೇ ತೂತು ಹರಿಯುತ್ತದೆ.

ಅದಕ್ಕೆ ಎಡಗಡೆ ಕೂಚಕ್ಕೆ ಬಿಗಿಯಾಗಿ ಬೋಲ್ಟ್ ಹಾಕಿಸಿ, ಬಲಗಡೆ ಪೈಪಿನಲ್ಲಿ ದುಂಡು ತೂತಿನ ಬದಲು ಉದ್ದನೆ ತೂತು ಮಾಡಿ ಅಂದೆ. ಫಿಟ್ಟಿಂಗ್ ಹುಡುಗ "ಅಕ್ಕಾ, ಲೂಸ್ ಬಿಟ್ಟರೆ ಬೀಳಲ್ವಾ?" ಅಂತ ಕೇಳಿದ. ಲೂಸ್ ಅಲ್ಲಪ್ಪ, ಪಕ್ಕಕ್ಕೆ ಜರುಗೋಕೆ ಜಾಗ ಅಷ್ಟೆ, ಮುಂದಕ್ಕೆ ಬರೋಕೆ ಬೋಲ್ಟ್ ಬಿಡಲ್ಲ ಅಂದೆ. ಅವನು ದುಂಡು ಅರ ತಗೊಂಡು ಕೂತು ಪ್ರತಿ ತೂತನ್ನೂ ಉಜ್ಜಿ ಉಜ್ಜಿ ಉದ್ದ ಮಾಡಿದ. ಅಲ್ಯೂಮಿನಿಯಂ ಪುಡಿ ಅವನ ಮೊಣಕಾಲಿನ ಮೇಲೆಲ್ಲ ಬೆಳ್ಳಗೆ ಬಿದ್ದಿತ್ತು. ಆ ಅರ್ಧ ಗಂಟೆ ಕೆಲಸಕ್ಕೆ ಅವನಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆರು ಬೇಸಿಗೆ ಕಳೆದರೂ ಟಕ್ ಅನ್ನೋ ಶಬ್ದ ಒಂದು ದಿನ ಕೇಳಿಲ್ಲ.

ಕೂಚದಲ್ಲಿ ಆಚೆಯಿಂದ ಈಚೆಗೆ ಪೂರ್ತಿ ತೂತು ಕೊರೆಸಿ 10 ಎಂಎಂ ಬೋಲ್ಟ್ ದಾಟಿಸಿದ್ದೇವೆ. ಸ್ಟೀಲ್ ಬೋಲ್ಟ್ ತಗೊಳ್ಳುವಾಗ ಹುಷಾರು. ಬೇಗ ತುಕ್ಕು ಹಿಡಿಯದ 304 ದರ್ಜೆ ಅಂತ ಹೇಳಿ ಅಗ್ಗದ 202 ದರ್ಜೆ ಕೊಡುವವರೂ ಇದ್ದಾರೆ. ಆಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗಲ್ಲ, ಸಾಮಾನ್ಯವಾಗಿ ಎರಡೂ ಅಂಟಲ್ಲ. ಬೋಲ್ಟಿನ ತಲೆ ಮೇಲೆ ಎ2-70 ಅಂತ ಅಚ್ಚು ಇದೆಯಾ ನೋಡಿ, ಅದು 304ರ ಗುಂಪಿಗೆ ಸೇರಿದ ಗುರುತು. ಬೋಲ್ಟ್ ಮತ್ತು ಅಲ್ಯೂಮಿನಿಯಂ ನಡುವೆ ನೈಲಾನ್ ವಾಷರ್ ಇರಲೇಬೇಕು. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಸವೆಯುತ್ತದೆ. ಬೋಲ್ಟ್, ವಾಷರ್ ಎಲ್ಲ ಸೇರಿ ನನಗೆ ಬಿದ್ದಿದ್ದು ಸಾವಿರ ರೂಪಾಯಿ ಒಳಗೆ. ಬಹಳ ಜನ ಉಳಿಸೋಕೆ ನೋಡೋದು ಈ ಸಾವಿರವನ್ನೇ.

ಸ್ಟಿಕರ್ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ಸಮಾಧಾನ ಇಲ್ಲ. ಹಸಿರು ಅಕ್ಷರಕ್ಕೆ ಕಾಸ್ಟ್ ವಿನೈಲ್ (ಎಳೆಯದೆ ಎರಕ ಹೊಯ್ದು ಮಾಡಿದ ಸ್ಟಿಕರ್ ಹಾಳೆ) ಹಾಕಿಸಿದ್ದೆ, ಖರ್ಚು ಜಾಸ್ತಿ ಆಯಿತು ಅಂತ ಟೊಮೆಟೊ ಚಿತ್ರದ ಕೆಂಪಿಗೆ ಸಾಮಾನ್ಯ ವಿನೈಲ್. ನಾಲ್ಕನೇ ವರ್ಷಕ್ಕೆ ಕೆಂಪು ಬಿಳುಚಿತು, ಅಂಚು ಕುಗ್ಗಿ ಸುತ್ತ ಅಂಟಿನ ಕಪ್ಪು ಗೆರೆ ಎದ್ದಿತು. ಸಾಮಾನ್ಯ ವಿನೈಲನ್ನು ರೋಲರ್‌ನಲ್ಲಿ ಎಳೆದು ಮಾಡಿರುತ್ತಾರೆ, ಬಿಸಿಲಿಗೆ ಅದು ಮತ್ತೆ ಕುಗ್ಗುತ್ತದೆ. 2024ರ ಫೆಬ್ರುವರಿಯಲ್ಲಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾಯ್ದೆ ತಿದ್ದುಪಡಿ ಬಂತಲ್ಲ, ಆಗ ನಮ್ಮದು ಮೊದಲೇ ಜಾಸ್ತಿ ಕನ್ನಡವಿದ್ದರೂ, ಇದೇ ಸಮಯ ಅಂತ ಕೆಂಪು ತೆಗೆದು ಹೊಸದು ಹಾಕಿಸಿದೆ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದರೆ ಹಳೇ ಸ್ಟಿಕರ್ ಬಿಟ್ಟುಕೊಳ್ಳುತ್ತದೆ. ಶೀಟ್, ಕಂಬ ಯಾವುದನ್ನೂ ಮುಟ್ಟಲಿಲ್ಲ.

ರಾತ್ರಿ ಕಾಣಲಿ ಅಂತ ಹಾಕಿದ ಸೋಲಾರ್ ಲೈಟ್ ಎರಡು ಮಳೆಗಾಲವೂ ನಿಲ್ಲಲಿಲ್ಲ. ಅದರ ಬಗ್ಗೆ ಇಷ್ಟೇ.

ದ್ರಾಕ್ಷಿ ತೋಟದ ಪಕ್ಕ ಇರುವವರಿಗೆ ಇನ್ನೊಂದು ವಿಷಯ. ಬೋರ್ಡೊ ದ್ರಾವಣ ಹೊಡೆದಾಗ ಗಾಳಿಗೆ ಬಂದು ಬೋರ್ಡಿನ ಕೆಳ ಅಂಚಿನಲ್ಲಿ ನೀಲಿ ಕಲೆ ಕೂರುತ್ತದೆ. ಅದರಲ್ಲಿ ಮೈಲುತುತ್ತ ಇರುತ್ತದೆ, ತಾಮ್ರ ಅಲ್ಯೂಮಿನಿಯಂಗೆ ಆಗಿಬರಲ್ಲ. ಎದುರು ತೋಟದವರು ಔಷಧಿ ಹೊಡೆದ ದಿನ ಸಂಜೆ ನಾನು ಪೈಪ್ ಹಿಡಿದು ಬೋರ್ಡ್ ತೊಳೆಯುತ್ತೇನೆ. ಬರೀ ನೀರು ಸಾಕು, ಉಜ್ಜಬೇಡಿ.

ಹೋದ ತಿಂಗಳು ಏಣಿ ಹಾಕಿ ಎಲ್ಲಾ ಬೋಲ್ಟ್ ನೋಡಿದೆ. ಎಂಟರಲ್ಲಿ ಏಳು ಹೊಸದರ ಹಾಗೇ ಇವೆ. ಬಲಗಡೆ ಮೇಲಿನದರಲ್ಲಿ ನೈಲಾನ್ ವಾಷರ್ ಬಿಸಿಲಿಗೆ ಸೀಳಿದೆ. ಅದರ ಕೆಳಗೆ ಅಲ್ಯೂಮಿನಿಯಂ ಮೇಲೆ ಉಗುರಿನಷ್ಟು ಜಾಗದಲ್ಲಿ ಬಿಳಿ ಪುಡಿ ಎದ್ದಿದೆ. ಒರೆಸಿದರೆ ಒಳಗೆ ಸೂಜಿಮೊನೆಯಂಥ ಸಣ್ಣ ಗುಳಿಗಳು. ಎಂಟಕ್ಕೂ ಹೊಸ ವಾಷರ್ ತಂದಿಟ್ಟಿದ್ದೇನೆ. ಅಶ್ವಿನಿ ಮಳೆ ಶುರುವಾಗುವ ಮುಂಚೆ ಆ ಹುಡುಗನನ್ನೇ ಕರೆಸಿ ಬದಲಾಯಿಸುತ್ತೇನೆ.