ಮೂರು ಮಳೆಗಾಲ ಕಂಡ ಎರಡು ಅಗ್ಗದ ಟ್ಯಾಬ್‌ಗಳು: ವೈಫೈ, ಯುಎಸ್‌ಬಿ ಜೊತೆ ನನ್ನ ಗುದ್ದಾಟ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ ನಮ್ಮದು ಒಂಟಿ ಮನೆ. ಅಡಿಕೆ ತೋಟ. ಮನೆಯಲ್ಲಿ ಎರಡು ಟ್ಯಾಬ್ ಇವೆ. ಒಂದು ವಿಂಡೋಸ್, ಸೆಕೆಂಡ್ ಹ್ಯಾಂಡ್, 4,500 ರೂಪಾಯಿ ಕೊಟ್ಟಿದ್ದೆ. ತೋಟದ ಲೆಕ್ಕ, ಕೂಲಿ ಲೆಕ್ಕ, ಪ್ರಿಂಟ್ ತೆಗೆಯುವುದು ಎಲ್ಲ ಅದರಲ್ಲಿ. ಇನ್ನೊಂದು ಆಂಡ್ರಾಯ್ಡ್, ಹೊಸದು, 9,800 ರೂಪಾಯಿ. ಕೊಂಡಿದ್ದು ಮಗಳ ಓದಿಗೆ. ಈಗ ಅದರಲ್ಲಿ ಅಮ್ಮನ ಯಕ್ಷಗಾನವೇ ಜಾಸ್ತಿ.

ಕೊಂಡ ವಾರಕ್ಕೇ ಬರೆಯುವವರು ಸ್ಕ್ರೀನ್ ಹೇಗಿದೆ, ಸೌಂಡ್ ಹೇಗಿದೆ ಎಂದು ಬರೆಯುತ್ತಾರೆ. ಮೂರು ಮಳೆಗಾಲದಲ್ಲಿ ನನ್ನ ಸ್ಕ್ರೀನ್‌ಗಳು ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟಿದ್ದೆಲ್ಲ ವೈಫೈ ಮತ್ತು ಯುಎಸ್‌ಬಿ. ಹಾಗಾಗಿ ಅದನ್ನೇ ಬರೆಯುತ್ತೇನೆ. ಕಂಪನಿ ಹೆಸರು ಬೇಡ. ನನ್ನ ವಿಂಡೋಸ್ ಟ್ಯಾಬ್‌ನಲ್ಲಿ ಇರುವುದು ಆಟಮ್ ಜೆಡ್3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಜಾಗ. ಇದೇ ಸಾಮಾನು ಹಾಕಿ 2014ರ ನಂತರ ಎಷ್ಟೋ ಹೆಸರಿನ ಟ್ಯಾಬ್‌ಗಳು ಬಂದವು. ನಿಮ್ಮ ಹತ್ತಿರ ಅಂಥದ್ದೊಂದು ಇದ್ದರೆ ಹೆಸರು ಬೇರೆ ಇದ್ದರೂ ಕಾಯಿಲೆ ಇದೇ ಇರಬಹುದು.

ಮೊದಲ ಕಾಯಿಲೆ ವಿಚಿತ್ರದ್ದು. ಒಂದು ಸಂಜೆ ವಿಂಡೋಸ್ ಟ್ಯಾಬ್‌ನ ಪಟ್ಟಿಯಲ್ಲಿ ನಮ್ಮ ವೈಫೈ ಹೆಸರೇ ಇಲ್ಲ. ಪಾಸ್‌ವರ್ಡ್ ತಪ್ಪು ಎಂದರೆ ಒಪ್ಪಬಹುದು. ಸಿಗ್ನಲ್ ಕಮ್ಮಿ ಎಂದರೂ ಒಪ್ಪಬಹುದು. ರೂಟರ್ ಪಕ್ಕದಲ್ಲೇ ಕೂತರೂ ಹೆಸರು ಕಾಣದು ಎಂದರೆ? ಆಂಡ್ರಾಯ್ಡ್‌ನಲ್ಲಿ ಮಾತ್ರ ಪೂರ್ತಿ ಸಿಗ್ನಲ್. ಎರಡು ದಿನ ಬಿಟ್ಟು ತಾನಾಗೇ ಬಂತು. ಒಂದು ವಾರಕ್ಕೆ ಮತ್ತೆ ಮಾಯ. ಶಿವಮೊಗ್ಗಕ್ಕೆ ಮಂಡಿ ಕೆಲಸಕ್ಕೆ ಹೋದವನು ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿ ವೈಫೈ ಬಂಗಾರದ ಹಾಗೆ ಬಂತು! ಡಾಕ್ಟರ್ ಎದುರು ಹೋದಾಗ ಜ್ವರ ಇರುವುದೇ ಇಲ್ಲ ಅಲ್ವಾ, ಹಾಗೆ. "ಆಂಟೆನಾ ಲೂಸ್ ಇರ್ಬೇಕು ಸಾರ್, ಬಿಚ್ಚಿ ನೋಡ್ಬೇಕು" ಎಂದರು. ಬಿಚ್ಚಿದರು, ಮುಚ್ಚಿದರು, 350 ರೂಪಾಯಿ ತಗೊಂಡರು. ಮನೆಗೆ ಬಂದ ಮೂರನೇ ದಿನ ಅದೇ ಹಾಡು.

ಆಮೇಲೆ ಕೂಲಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡಲು ಶುರು ಮಾಡಿದೆ. ಯಾವ ದಿನ ಹೋಯಿತು, ಯಾವ ದಿನ ಬಂತು, ಆ ದಿನ ಮನೆಯಲ್ಲಿ ಏನೇನಾಯಿತು. ಒಂದು ತಿಂಗಳಾದ ಮೇಲೆ ನೋಡಿದರೆ, ವೈಫೈ ಮಾಯವಾದದ್ದೆಲ್ಲ ಕರೆಂಟ್ ಹೋಗಿ ಬಂದ ಮೇಲೆ. ಬಂದಿದ್ದೂ ಕರೆಂಟ್ ಹೋಗಿ ಬಂದ ಮೇಲೇ! ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಎಣಿಸುವವರು ಯಾರು, ಅದಕ್ಕೇ ಮೊದಲು ಹೊಳೆದಿರಲಿಲ್ಲ.

ಆಗುತ್ತಿದ್ದುದು ಇಷ್ಟೇ. ರೂಟರ್ ಆಫ್ ಆಗಿ ಆನ್ ಆದಾಗ ತನಗೆ ಬೇಕಾದ ಚಾನೆಲ್, ಅಂದರೆ ಸಿಗ್ನಲ್ ಓಡುವ ಸಾಲು, ಆರಿಸಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್ ಇವೆ. ಅಮೆರಿಕದಲ್ಲಿ ಬಳಕೆ 11ರವರೆಗೆ. ನನ್ನ ಟ್ಯಾಬ್‌ನ ವೈಫೈ ಅಮೆರಿಕದ ಲೆಕ್ಕಕ್ಕೆ ಹೊಂದಿಸಿದ್ದು. 12 ಮತ್ತು 13 ಅದಕ್ಕೆ ಕಾಣುವುದೇ ಇಲ್ಲ. ರೂಟರ್ 13 ಆರಿಸಿಕೊಂಡ ದಿನ ಟ್ಯಾಬ್ ಕುರುಡು. 6 ಆರಿಸಿಕೊಂಡ ದಿನ ಕಣ್ಣು ವಾಪಸ್. ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ ಚಾನೆಲ್ ಜಾಗದಲ್ಲಿ 'ಆಟೋ' ತೆಗೆದು 6 ಎಂದು ಕೂರಿಸಿದೆ. ಪೇಟೆಯಲ್ಲಾದರೆ ಅಕ್ಕಪಕ್ಕದ ಮನೆಯ ರೂಟರ್ ನೋಡಿಕೊಂಡು 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಬೇಕು. ನಮಗೆ ಅಕ್ಕಪಕ್ಕ ಅಡಿಕೆ ಮರ ಬಿಟ್ಟರೆ ಯಾರೂ ಇಲ್ಲ. ಎರಡು ವರ್ಷವಾಯಿತು, ಆ ತೊಂದರೆ ಮತ್ತೆ ಬಂದಿಲ್ಲ. ಖರ್ಚು ಸೊನ್ನೆ. ಆ 350 ರೂಪಾಯಿ ನೆನಪಾದಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ವಿಂಡೋಸ್ ಟ್ಯಾಬ್ ನಿದ್ದೆಯಿಂದ (ಸ್ಲೀಪ್) ಎದ್ದರೆ ವೈಫೈ ಇಲ್ಲ, ಇದು ಎರಡನೇ ತಗಾದೆ. ಡಿವೈಸ್ ಮ್ಯಾನೇಜರ್‌ಗೆ ಹೋಗಿ, ವೈಫೈ ಅಡಾಪ್ಟರ್ ತೆರೆದು, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದು ಟಿಕ್ ತೆಗೆಯಿರಿ ಎಂದು ಕಂಡವರೆಲ್ಲ ಹೇಳಿದರು. ಲ್ಯಾಪ್‌ಟಾಪ್‌ಗೆ ಅದು ಸರಿ. ನನ್ನ ಟ್ಯಾಬ್‌ನಲ್ಲಿ ಆ ಪುಟವೇ ಇಲ್ಲ. ಅರ್ಧ ದಿನ ಹುಡುಕಿದ್ದೇನೆ. ಇಂಥ ಟ್ಯಾಬ್‌ಗಳು ಮಲಗುವುದು ಫೋನ್ ಹಾಗೆ, ಅರೆ ನಿದ್ದೆಯಲ್ಲಿ. ಅಂಥ ಮೆಷಿನ್‌ಗಳಲ್ಲಿ ವಿಂಡೋಸ್ ಆ ಪುಟವನ್ನು ಹೆಚ್ಚಾಗಿ ತೋರಿಸುವುದೇ ಇಲ್ಲ. ಹಾಗಾಗಿ ನಾನು ಅದೇ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡುತ್ತೇನೆ. ಹತ್ತಕ್ಕೆ ಒಂಬತ್ತು ಸಲ ಸಾಕು. ಇಲ್ಲದಿದ್ದರೆ ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಅಷ್ಟು ಗುಣ ಕಾಣುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್‌ನಲ್ಲಿ ಎಲ್ಲವೂ ಪೂರ್ತಿ ಆರುವುದಿಲ್ಲ, ಹಳೆಯ ಗೊಂದಲವನ್ನೇ ಮತ್ತೆ ಎಬ್ಬಿಸುತ್ತದೆ.

ಬ್ಲೂಟೂತ್ ಸ್ಪೀಕರ್ ಹಾಕಿದರೆ ವಿಂಡೋಸ್ ಟ್ಯಾಬ್‌ನಲ್ಲಿ ಹಾಡು ತುಂಡು ತುಂಡು. ಬ್ಲೂಟೂತ್ ಓಡುವುದೂ ಇದೇ 2.4ರಲ್ಲಿ, ಈ ಟ್ಯಾಬ್‌ನ ವೈಫೈಗೂ ಬೇರೆ ದಾರಿ ಇಲ್ಲ. ಇಬ್ಬರಿಗೂ ಒಂದೇ ಕಾಲುಸಂಕ. ಇದಕ್ಕೆ ಮದ್ದು ಸಿಕ್ಕಿಲ್ಲ, ಬಿಟ್ಟಿದ್ದೇನೆ. ಆಂಡ್ರಾಯ್ಡ್‌ನಲ್ಲಿ 5 ಗಿಗಾಹರ್ಟ್ಸ್ ಇರುವುದರಿಂದ ವೈಫೈಯನ್ನು ಅಲ್ಲಿಗೆ ಹಾಕಿದೆ, ಭಾಗವತರ ಪದ್ಯ ಈಗ ತುಂಡಾಗುವುದಿಲ್ಲ. ಆದರೆ 5 ನಮ್ಮ ದಪ್ಪ ಮಣ್ಣಿನ ಗೋಡೆ ದಾಟುವುದಿಲ್ಲ. ಜಗಲಿಯಲ್ಲಿ ಚೆನ್ನಾಗಿರುತ್ತದೆ, ಅಡುಗೆ ಮನೆಗೆ ಬಂದರೆ ಸತ್ತೇ ಹೋಗುತ್ತದೆ. ರೂಟರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ಮೇಲೆ ಅಮ್ಮನೇ ನೋಡಿಕೊಂಡು ಬದಲಾಯಿಸುತ್ತಾರೆ.

ಇನ್ನು ಯುಎಸ್‌ಬಿ. ವಿಂಡೋಸ್ ಟ್ಯಾಬ್‌ಗೆ ಇರುವುದು ಒಂದೇ ಮೈಕ್ರೋ ಯುಎಸ್‌ಬಿ ತೂತು. ಚಾರ್ಜೂ ಅದರಲ್ಲೇ, ಪೆನ್‌ಡ್ರೈವೂ ಅದರಲ್ಲೇ. ಪೆನ್‌ಡ್ರೈವ್, ಪ್ರಿಂಟರ್ ಸೇರಿಸಲು ಬೇಕಾದ ಒಟಿಜಿ ಕೇಬಲ್‌ನ ಒಳಗೆ ಒಂದು ಪಿನ್ ನೆಲಕ್ಕೆ (ಗ್ರೌಂಡ್ ತಂತಿಗೆ) ಸೇರಿಸಿರುತ್ತಾರೆ. ಅದನ್ನು ನೋಡಿ ಟ್ಯಾಬ್ "ಈಗ ನಾನು ಯಜಮಾನ" ಎಂದುಕೊಂಡು ತಾನೇ ಕರೆಂಟ್ ಕೊಡಲು ಶುರು ಮಾಡುತ್ತದೆ. ಕೊಡುವಾಗ ತಗೊಳ್ಳುವುದಿಲ್ಲ. ಹಾಗಾಗಿ ಪ್ರಿಂಟರ್ ಹಾಕಿ ಕೂತರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

ಇದರ ಬಿಸಿ ನಿಜವಾಗಿ ತಟ್ಟಿದ್ದು ಎರಡನೇ ವರ್ಷ, ಅಡಿಕೆ ಸುಲಿಯುವ ಕಾಲದಲ್ಲಿ. ಟ್ಯಾಬ್ ನಿಧಾನವಾಯಿತು ಎಂದು ಇನ್ನೊಂದು ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿದೆ. ಮನೆಗೆ ತಂದು ನೋಡಿದರೆ ಟಚ್ ಇಲ್ಲ, ವೈಫೈ ಇಲ್ಲ. ಎರಡನ್ನೂ ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಹೋಗಿತ್ತು. ವೈಫೈ ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು. ಒಳ್ಳೆ ಕಥೆ! ಆಗ ಕೈ ಹಿಡಿದಿದ್ದು ನನ್ನ ಫೋನ್. ಒಟಿಜಿ ಕೇಬಲ್‌ಗೆ ಒಂದು ಹಬ್ (ಒಂದು ತೂತನ್ನು ಹಲವು ಮಾಡುವ ಡಬ್ಬಿ) ಹಾಕಿ, ಒಂದು ಕಡೆ ಮೌಸ್, ಇನ್ನೊಂದು ಕಡೆ ಫೋನ್ ಸೇರಿಸಿ, ಫೋನ್‌ನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ 10ರೊಳಗೇ ಇದೆ, ತಕ್ಷಣ ಇಂಟರ್ನೆಟ್ ಬಂತು. ಟ್ಯಾಬ್‌ನಲ್ಲಿ 38 ಪರ್ಸೆಂಟ್ ಚಾರ್ಜ್. ಸಾಲದ್ದಕ್ಕೆ ಫೋನ್ ಬೇರೆ ಅದರಿಂದಲೇ ಚಾರ್ಜ್ ಎಳೆದುಕೊಳ್ಳುತ್ತಿತ್ತು. ಒಂದೊಂದು ಪರ್ಸೆಂಟ್ ಇಳಿದಾಗಲೂ ಎದೆ ಡವಡವ. ವೈಫೈ ಡ್ರೈವರ್ 19ಕ್ಕೆ ಇಳಿದಾಗ ಕೂತಿತು.

ಟಚ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದರ ಡ್ರೈವರ್ ಆಯಾ ಮಾಡೆಲ್‌ಗೇ ಬೇರೆ. ಸಿಕ್ಕಿದ್ದೊಂದು ಹಾಕಿದೆ, ಬೆರಳು ಎಡಕ್ಕೆ ಎಳೆದರೆ ಸ್ಕ್ರೀನ್ ಬಲಕ್ಕೆ ಹೋಯಿತು. ಸರಿಯಾದದ್ದು ಸಿಗಲು ನಾಲ್ಕು ರಾತ್ರಿ ಬೇಕಾಯಿತು. ಈಗ ಬುದ್ಧಿ ಬಂದಿದೆ. ವಿಂಡೋಸ್‌ನೊಳಗೇ ಪಿಎನ್‌ಪಿಯುಟಿಲ್ ಎಂಬ ಕಮಾಂಡ್ ಇದೆ, ಹೊರಗಿನಿಂದ ಹಾಕಿದ ಡ್ರೈವರ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ತೆಗೆದಿಡುತ್ತದೆ. ನನ್ನದು ಅಮ್ಮನ ಒಡವೆ ಡಬ್ಬಿಯಲ್ಲಿದೆ. ಫಾರ್ಮ್ಯಾಟ್ ಮಾಡಿಸುವ ಮೊದಲು ಇದೊಂದು ಕೆಲಸ ಮಾಡಿಕೊಳ್ಳಿ, ಅಂಗಡಿಯವರು ಕೇಳುವುದಿಲ್ಲ, ನೀವೇ ಹೇಳಬೇಕು. ಇನ್ನೊಂದು: ಇಂಥ ಟ್ಯಾಬ್‌ಗಳಲ್ಲಿ ಹೆಚ್ಚಿನವಕ್ಕೆ 32 ಬಿಟ್ ವಿಂಡೋಸ್ ಪೆನ್‌ಡ್ರೈವ್ ಮಾತ್ರ ಹಿಡಿಸುತ್ತದೆ. 64 ಬಿಟ್‌ನದ್ದು ಹಾಕಿದರೆ ಬೂಟ್ ಆಗುವುದೇ ಇಲ್ಲ. ಪೆನ್‌ಡ್ರೈವ್ ಹಾಳಾಗಿದೆ ಎಂದು ನಾನು ಒಂದನ್ನು ಎಸೆದಿದ್ದೂ ಆಯಿತು.

ಆಂಡ್ರಾಯ್ಡ್‌ನ ತಕರಾರು ಬೇರೆ ಥರ. ಅದಕ್ಕೆ ಸಿ ಪೋರ್ಟ್. ತಮ್ಮ ಬೆಂಗಳೂರಿಂದ ಬಂದಾಗ ತನ್ನ ಹೊಸ ಚಾರ್ಜರ್ ಕೊಟ್ಟ, ಎರಡೂ ತುದಿಯಲ್ಲಿ ಸಿ ಇರುವ ಕೇಬಲ್. ಹಾಕಿದರೆ ಚಾರ್ಜ್ ಆಗಲೇ ಇಲ್ಲ. "ಎಂತ ಮಾರಾಯ, ಇಷ್ಟು ದುಡ್ಡಿನ ಚಾರ್ಜರ್ ಇದು" ಎಂದು ಅವನೂ ತಲೆ ಕೆರೆದುಕೊಂಡ. ಹಳೆಯ ಚಪ್ಪಟೆ ತುದಿಯ ಕೇಬಲ್‌ಗೆ ಮಾತ್ರ ಟ್ಯಾಬ್ ಒಗ್ಗುತ್ತಿತ್ತು. ಸಿ ಚಾರ್ಜರ್ ಸುಮ್ನೆ ಕರೆಂಟ್ ಬಿಡುವುದಿಲ್ಲ. ಆ ಕಡೆ ನಿಜವಾಗಿ ಕರೆಂಟ್ ಬೇಕಾದ ಸಾಮಾನು ಇದೆಯೇ ಎಂದು ಮೊದಲು ನೋಡುತ್ತದೆ. ಗುರುತಿಗೆ ಟ್ಯಾಬ್‌ನೊಳಗೆ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಪೈಸೆ ಲೆಕ್ಕದ ಸಾಮಾನು ಅದು. ಅಗ್ಗದವುಗಳಲ್ಲಿ ಅದನ್ನೂ ಬಿಟ್ಟಿರುತ್ತಾರೆ. ಹಳೆಯ ಚಪ್ಪಟೆ ತುದಿಯ ಚಾರ್ಜರ್ ಇದನ್ನೆಲ್ಲ ವಿಚಾರಿಸುವುದಿಲ್ಲ, ಹಾಕಿದ ಕೂಡಲೇ 5 ವೋಲ್ಟ್ ಕೊಡುತ್ತದೆ. ನನ್ನ ಟ್ಯಾಬ್ ಬಿಚ್ಚಿ ನೋಡಿಲ್ಲ, ಆದರೆ ಲಕ್ಷಣ ಪೂರ್ತಿ ಇದೇ. ಇಂಥದ್ದಕ್ಕೆ ಹೊಸ ಚಾರ್ಜರ್ ಕೊಂಡು ಏನೂ ಉಪಯೋಗವಿಲ್ಲ.

ಕಂಪ್ಯೂಟರ್‌ಗೆ ಹಾಕಿದರೆ ಟ್ಯಾಬ್ ಕಾಣುವುದಿಲ್ಲ ಎನ್ನುವುದು ಎಲ್ಲರ ಮನೆಯ ದೂರು. ಆಂಡ್ರಾಯ್ಡ್ ಬರೀ ಚಾರ್ಜಿಂಗ್‌ನಲ್ಲಿ ಇರುತ್ತದೆ, ಮೇಲಿನಿಂದ ಪರದೆ ಎಳೆದು ಫೈಲ್ ಟ್ರಾನ್ಸ್‌ಫರ್ ಒತ್ತಬೇಕು. ಆ ಆಯ್ಕೆಯೇ ಬರದಿದ್ದರೆ ಕೇಬಲ್ ನೋಡಿ. ಟಾರ್ಚ್, ಟ್ರಿಮ್ಮರ್ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಡೇಟಾದ ತಂತಿಯೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಹನ್ನೊಂದು ಕೇಬಲ್ ಪರೀಕ್ಷೆ ಮಾಡಿದೆ. ಫೈಲ್ ದಾಟಿಸಿದ್ದು ನಾಲ್ಕೇ. ಆ ನಾಲ್ಕಕ್ಕೆ ಕೆಂಪು ದಾರ ಕಟ್ಟಿದೆ.

ಎರಡನೇ ಮಳೆಗಾಲದ ಕೊನೆಗೆ ಆಂಡ್ರಾಯ್ಡ್ ಚಾರ್ಜ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಪೆನ್‌ಡ್ರೈವ್ ಅಂತೂ ಬಿಟ್ಟೇ ಹೋಯಿತು. ಅಂಗಡಿಯಲ್ಲಿ "ಬೋರ್ಡ್ ಹೋಗಿದೆ, 2,800 ಆಗುತ್ತೆ" ಎಂದರು. ಈ ಸಲ ನಾನು ವಾಪಸ್ ತಂದೆ. ಮಗಳು ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿದವಳೇ "ಅಪ್ಪಯ್ಯ, ಒಳಗೆ ಮೈಲುತುತ್ತ ಇದೆ" ಎಂದಳು. ನಿಜವೇ, ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸಿದ ಡ್ರಮ್ಮಿನ ಅಂಚಿಗೆ ಹಿಡಿದಿರುವ ಅದೇ ಹಸಿರು ನೀಲಿ. ತೇವಕ್ಕೆ ತಾಮ್ರ ಕಿಲುಬು ಹಿಡಿದಿತ್ತು. ಟ್ಯಾಬ್ ಪೂರ್ತಿ ಆಫ್ ಮಾಡಿ, ಮರದ ಹಲ್ಲುಕಡ್ಡಿಯಲ್ಲಿ ಧೂಳಿನ ಉಂಡೆ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ ಮೆತ್ತಗಿನ ಬ್ರಶ್‌ನಿಂದ ಉಜ್ಜಿದೆ. ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಗ್ಗೆ ಚಾರ್ಜ್ ಸರಿ, ಪೆನ್‌ಡ್ರೈವೂ ಸರಿ. ಸೂಜಿ, ಪಿನ್ನು ಹಾಕಬೇಡಿ, ಶಾರ್ಟ್ ಆಗುತ್ತದೆ. ಅಕ್ಕಿ ಡಬ್ಬದಲ್ಲಿ ಹುಗಿಯುವುದೂ ಬೇಡ, ಅಕ್ಕಿ ಹಿಟ್ಟು ಪೋರ್ಟ್‌ಗೆ ಹೋಗುತ್ತದೆ. ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳದ ಪಕ್ಕ ಇಡಲು ಹೊರಟಿದ್ದರು, ನಾನು ನೋಡಿದ್ದರಿಂದ ಟ್ಯಾಬ್ ಉಳಿಯಿತು. ಬ್ಯಾಟರಿಗೆ ಬಿಸಿ ಆಗದು. ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಎರಡೂ ಟ್ಯಾಬ್ ರಾತ್ರಿ ಸ್ಟೀಲ್ ಡಬ್ಬದಲ್ಲಿ ಮಲಗುತ್ತವೆ, ಚಪ್ಪಲಿ ಡಬ್ಬಿಯಲ್ಲಿ ಬಂದ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ.

ಚಾರ್ಜ್‌ಗೆ ಹಾಕಿದಾಗ ಸ್ಕ್ರೀನ್ ತಾನೇ ಕುಣಿಯುತ್ತದೆಯೇ? ಟಚ್ ಹಾಳಾಗಿದೆ ಎಂದು ಹೆದರುವ ಮೊದಲು ಚಾರ್ಜರ್ ಬದಲಿಸಿ ನೋಡಿ. ಸಂತೆಯಲ್ಲಿ ಕೊಂಡ ಅಗ್ಗದ ಚಾರ್ಜರ್‌ನ ಕರೆಂಟಿನಲ್ಲಿರುವ ಗದ್ದಲ ಟಚ್‌ಗೆ ಬೆರಳಿನ ಹಾಗೆ ಕಾಣುತ್ತದೆ. ನಮ್ಮಲ್ಲಿ ಹಾಗೇ ಆಗಿತ್ತು.

ಇಷ್ಟೆಲ್ಲ ಆದ ಮೇಲೆ ಆಂಡ್ರಾಯ್ಡ್‌ಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ವಿಂಡೋಸ್‌ಗೆ ಒಂದೂವರೆ, ಅದೂ ಅಡಿಕೆ ಲೆಕ್ಕ ಒಂದು ದಿನವೂ ಕಳೆಯದಿದ್ದಕ್ಕೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು, ಇದರ ಹತ್ತಿರ ಎರಡೂ ಅರ್ಧ. ಹಾಗಾಗಿ ಅದರಲ್ಲಿ ಬ್ಯಾಂಕ್ ಕೆಲಸ ಮಾಡುವುದನ್ನು ನಿಲ್ಲಿಸಿದ್ದೇನೆ. ವೈಫೈ ಆಫ್, ಬರೀ ಲೆಕ್ಕ ಮತ್ತು ಪ್ರಿಂಟ್. ಎಷ್ಟು ಕಾಡಿಸಿದ ವೈಫೈ, ಈಗ ಬೇಕಾಗಿಯೇ ಇಲ್ಲ! ಕೆಂಪು ದಾರದ ಕೇಬಲ್‌ಗಳು ಜಗಲಿಯ ಮೊಳೆಗೆ ನೇತಾಡುತ್ತವೆ. ನಾಲ್ಕು ಇದ್ದವು, ಈಗ ಮೂರೇ ಇವೆ. ಮಗಳನ್ನು ಕೇಳಿದರೆ ಅಜ್ಜಿಯ ಕಡೆ ತೋರಿಸುತ್ತಾಳೆ.