ಟೆರೇಸ್‌ಗೆ ಕಮಾನಿನ ಶೆಡ್ ಹಾಕಿಸುವವರು ಮೊದಲು ಅದರ ಕಾಲು ನೋಡಿ

ವಿಜಯನಗರದ ನಮ್ಮ ಮನೆ ಟೆರೇಸ್‌ಗೆ ಹೋದ ವರ್ಷ ಕಮಾನಿನ ಶೆಡ್ ಹಾಕಿಸಿದೆವು. 20 ಅಡಿ ಅಗಲ, ನಡುವೆ ಬರೀ 1 ಅಡಿ ಎತ್ತರ. ಪೈಪ್ ದಪ್ಪಗಿರಲಿ ಅಂತ ನಾನು ಹಟ ಹಿಡಿದಿದ್ದೆ. ಅದರ ಕಾಲು ಯಾವುದರ ಮೇಲೆ ನಿಲ್ಲುತ್ತದೆ ಅಂತ ಮಾತ್ರ ಕೇಳಲಿಲ್ಲ.

ಮೇ ತಿಂಗಳ ಒಂದು ಸಂಜೆ ಆಲಿಕಲ್ಲು ಮಳೆ. ಅಮ್ಮ ಬಟ್ಟೆ ಎತ್ತಿಕೊಂಡು ಒಳಗೆ ಬಂದು ಐದು ನಿಮಿಷ ಆಗಿರಲಿಲ್ಲ, ಮೇಲೆ ಧಡ್ ಅಂತ ಸದ್ದಾಯಿತು. ಓಡಿ ಹೋಗಿ ನೋಡಿದರೆ ಎರಡು ಕಮಾನು ತಲೆಕೆಳಗಾಗಿ ಜೋತುಬಿದ್ದಿದ್ದವು. ಪೈಪ್ ಎಲ್ಲೂ ಮುರಿದಿರಲಿಲ್ಲ. ಈಗಲೂ ಆ ಐದು ನಿಮಿಷ ನೆನೆಸಿಕೊಂಡರೆ ಕೈ ನಡುಗುತ್ತದೆ.

ನಮ್ಮ ಭಾವ ಸಿವಿಲ್ ಇಂಜಿನಿಯರ್. ಬಂದವರು ಮೇಲೆ ನೋಡಲೇ ಇಲ್ಲ, ಪ್ಯಾರಪೆಟ್ ಹತ್ತಿರ ಕುಕ್ಕರಗಾಲಲ್ಲಿ ಕೂತರು. "ಇಲ್ಲಿ ನೋಡು" ಅಂದರು. ಕಮಾನಿನ ಕಾಲು ನಿಂತಿದ್ದ ನಾಲ್ಕಿಂಚಿನ ಸಾಲಿಡ್ ಬ್ಲಾಕ್ ಗೋಡೆ ಹೊರಗೆ ವಾಲಿತ್ತು. ಬೋಲ್ಟ್ ಹಾಕಿದ್ದ ತೂತು ಉದ್ದಕ್ಕೆ ಹಿಗ್ಗಿತ್ತು. ಕಾಲಿನ ಅಡಿಯ ಬೇಸ್ ಪ್ಲೇಟ್ ಉಜ್ಜಿಕೊಂಡು ಸರಿದ ಗೆರೆ ಹೊಳೆಯುತ್ತಿತ್ತು.

ಸ್ಟೀಲ್ ಸ್ಕೇಲನ್ನು ಎರಡು ಅಂಗೈ ನಡುವೆ ಒತ್ತಿ ಉಬ್ಬಿಸಿ. ಮೇಲಿಂದ ಯಾರಾದರೂ ಒತ್ತಿದರೆ ಮೊದಲು ತಡೆಯುತ್ತದೆ. ಅಂಗೈ ಒಂಚೂರು ಸಡಿಲ ಮಾಡಿ, ಟಪ್ ಅಂತ ಕೆಳಗೆ ಹೋಗುತ್ತದೆ. ನಮ್ಮ ಶೆಡ್‌ಗೆ ಆಗಿದ್ದೂ ಇದೇ. ಒಂದು ಕಮಾನಿನ ಮೇಲೆ 300 ಕೆಜಿ ಹರಡಿ ಬಿದ್ದರೆ ಒಂದೊಂದು ಕಾಲಿಗೆ ಕೆಳಮುಖವಾಗಿ ಬರುವುದು 150 ಕೆಜಿ. ಆದರೆ ಇಷ್ಟು ಚಪ್ಪಟೆ ಕಮಾನು ಕಾಲನ್ನು ಹೊರಗೆ ತಳ್ಳುವುದು ಸುಮಾರು 750 ಕೆಜಿಯಷ್ಟು! ಎರಡೂ ಕಾಲು ತಲಾ ಮುಕ್ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ಸರಿದರೆ ಸಾಕು, 1 ಅಡಿ ಉಬ್ಬು ಪೂರ್ತಿ ಮಾಯ. ಅಷ್ಟು ಸರಿಯುವ ಮೊದಲೇ ಅದು ಮಗುಚಿಕೊಳ್ಳುತ್ತದೆ.

ಕಾಲು ಸರಿಯದೆ, ತಿರುಗದೆ ಗಟ್ಟಿಯಾಗಿ ಹಿಡಿದಿದ್ದರೆ ಅದೇ ಪೈಪ್ ಒಂದು ಬದಿಗೆ ವಾಲಿ ಬಗ್ಗುವ ಮೊದಲು, ಸರಿಯದಿದ್ದರೂ ತಿರುಗಬಲ್ಲ ಕಾಲಿಗೆ ಹೋಲಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು ಒತ್ತಡ ತಾಳುತ್ತದಂತೆ. ಒಂದು ಪ್ಲೇಟಿಗೆ ಎರಡು ಬೋಲ್ಟ್ ಹಾಕಿ, ಅದನ್ನೂ ಬ್ಲಾಕ್ ಗೋಡೆಗೆ ಹೊಡೆದರೆ ಅದು ಗಟ್ಟಿ ಹಿಡಿತ ಅಲ್ಲ. ಕೆಲಸದವರು "ಎಲ್ಲಾ ಕಡೆ ಹೀಗೇ ಹಾಕೋದು ಸಾರ್" ಅಂದರೆ ದಯವಿಟ್ಟು ಒಪ್ಪಬೇಡಿ.

ಈಗ ನಡುವಿನ ಎತ್ತರ 3 ಅಡಿ ಮಾಡಿಸಿದ್ದೇವೆ. ಅದರಿಂದಲೇ ತಳ್ಳುವ ಬಲ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಕಾಲಿನಿಂದ ಕಾಲಿಗೆ ಟೈ ರಾಡ್, ಅಂದರೆ ಎರಡೂ ಕಾಲನ್ನು ಎಳೆದು ಹಿಡಿಯುವ ಸರಳು, ಬಿಗಿಸಿದ್ದೇವೆ, ಗೋಡೆಯ ಮೇಲೆ ಆ ತಳ್ಳುವ ಬಲ ಬೀಳುವುದಿಲ್ಲ. ಪ್ರತಿ ಪ್ಲೇಟಿನ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಗೆರೆ ಎಳೆದಿದ್ದೇನೆ. ನಿಮ್ಮ ಶೆಡ್‌ಗೂ ಇವತ್ತೇ ಎಳೆಯಿರಿ. ಮಳೆ ನಿಂತ ಮೇಲೆ ಪ್ಲೇಟ್ ಗೆರೆ ದಾಟಿದ್ದರೆ ಯಾರನ್ನೂ ಅದರ ಕೆಳಗೆ ಬಿಡಬೇಡಿ.