ಸೆವಾನ್ ದಡದಲ್ಲಿ ಮೀನು ಆರ್ಡರ್ ಮಾಡುವ ಮುಂಚೆ ಇದನ್ನು ಓದಿ

ಈದ್ ರಜೆಗೆ ದುಬೈಯಿಂದ ಆರ್ಮೇನಿಯಾಕ್ಕೆ ಹೊರಟವರು ದಯವಿಟ್ಟು ಇದನ್ನು ಓದಿ. ನಾವು ಆರು ಜನ ಸ್ನೇಹಿತರು ಹೋಗಿ, ಚೆನ್ನಾಗಿ ಟೋಪಿ ಹಾಕಿಸಿಕೊಂಡು ಬಂದಿದ್ದೇವೆ. ದುಡ್ಡಿಗಿಂತ ಮರ್ಯಾದೆ ಹೋದದ್ದೇ ಜಾಸ್ತಿ. ಯಾಕೆಂದರೆ ನಾನು ಮಲ್ಪೆಯವನು. ಮಲ್ಪೆಯವನು ಮೀನಿನ ವಿಷಯದಲ್ಲಿ ಮೋಸ ಹೋದೆ!

ಯೆರೆವಾನ್‌ನಿಂದ ಸೆವಾನ್ ಸರೋವರಕ್ಕೆ ಸುಮಾರು ಒಂದು ಗಂಟೆ ದಾರಿ. 1,900 ಮೀಟರ್ ಎತ್ತರದ ಜಾಗ, ಗಾಳಿ ಅಂದರೆ ಗಾಳಿ. ಸೆವಾನವಾಂಕ್ ಮಠದ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ನಮ್ಮ ಟ್ಯಾಕ್ಸಿ ಡ್ರೈವರ್, "ಒಳ್ಳೆ ಜಾಗ ಇದೆ, ನನ್ನ ಫ್ರೆಂಡ್‌ದೇ" ಅಂದ. ಅಲ್ಲೇ ಎಚ್ಚರ ಆಗಬೇಕಿತ್ತು. ಆಗಲಿಲ್ಲ.

ಕೂತ ಕೂಡಲೇ ಟೇಬಲ್ ತುಂಬಿ ಹೋಯಿತು. ಲವಾಶ್ ರೊಟ್ಟಿ, ಒಂದು ತಟ್ಟೆ ಚೀಸ್, ಒಂದು ತಟ್ಟೆ ಉಪ್ಪಿನಲ್ಲಿ ನೆನೆಸಿದ ತರಕಾರಿ, ಒಂದು ರಾಶಿ ಹಸಿ ಸೊಪ್ಪು. ನಾವು ಏನೂ ಕೇಳಿರಲಿಲ್ಲ. ಎಷ್ಟು ಒಳ್ಳೆ ಜನ ಮಾರಾಯ ಅಂತ ನಾನೇ ಹೇಳಿದೆ. ಹೌದು, ನಾನೇ.

ಮೆನುವಿನಲ್ಲಿ ಇಶ್ಖಾನ್ ಮೀನಿಗೆ 1,500 ದ್ರಾಮ್ (ಅಲ್ಲಿನ ದುಡ್ಡು) ಅಂತ ಇತ್ತು. ಪಕ್ಕದಲ್ಲಿ 100, ಅದರ ಮುಂದೆ ಅವರ ಲಿಪಿಯ ಒಂದು ಅಕ್ಷರ. ಐಟಂ ನಂಬರ್ ಏನೋ ಇರಬೇಕು ಅಂದುಕೊಂಡೆವು. 1,500 ದ್ರಾಮ್ ಅಂದರೆ 15 ದಿರ್ಹಮ್ ಕೂಡ ಇಲ್ಲ, ಇಡೀ ಮೀನು! ಐದು ಜನರಿಗೆ ಮೂರು ಮೀನು ಹೇಳಿದೆವು. ಆರನೆಯವನು ಸಸ್ಯಾಹಾರಿ, ಅವನಿಗೆ ಸುಟ್ಟ ಬದನೆಕಾಯಿ, ಟೊಮೆಟೊ. ಎಲ್ಲರಿಗೂ ತಾನ್, ಅದು ಹೆಚ್ಚುಕಡಿಮೆ ನಮ್ಮ ಉಪ್ಪು ಮಜ್ಜಿಗೆ. ವೇಟರ್ ಹುಡುಗ ಬೇರೆ ಎದೆ ತಟ್ಟಿಕೊಂಡು, "ಇವತ್ತು ಬೆಳಿಗ್ಗೆ ಇದೇ ಸರೋವರದಲ್ಲಿ ಹಿಡಿದದ್ದು" ಅಂದ.

ಮೀನು ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ.

ಆಮೇಲೆ ಬಿಲ್ ಬಂತು. 54,780 ದ್ರಾಮ್. ನಾವು ಅಂದುಕೊಂಡಿದ್ದು ಹೆಚ್ಚೆಂದರೆ 20,000. ಯಾರದೋ ಟೇಬಲ್‌ನ ಬಿಲ್ ಬಂದಿದೆ ಅಂತ ನಗುತ್ತಲೇ ಹುಡುಗನನ್ನು ಕರೆದೆ. ಅವನು ಮೆನು ತಂದು ಆ 100ರ ಮೇಲೆ ಬೆರಳಿಟ್ಟ. "ಗ್ರಾಂ" ಅಂದ. ಅಷ್ಟೇ. ಆ ಅಕ್ಷರ ಗ್ರಾಂ! ಮೂರು ಮೀನು 2 ಕೆಜಿ 100 ಗ್ರಾಂ ಅಂತೆ, ಮೀನಿಗೇ 31,500. ನನ್ನ ಮುಖ ಹೇಗಾಗಿತ್ತು ಅಂತ ಸ್ನೇಹಿತರು ಈಗಲೂ ಮಾಡಿ ತೋರಿಸುತ್ತಾರೆ.

ಊರಲ್ಲಿ ಮೀನಿನ ಹೋಟೆಲ್‌ಗೆ ಹೋದರೆ ಹಸಿ ಮೀನನ್ನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ, ಇದಕ್ಕೆ ಇಷ್ಟು, ಅದಕ್ಕೆ ಇಷ್ಟು ಅಂತ ಹೇಳಿ, ನಾವು ಹೂಂ ಅಂದ ಮೇಲೆ ಮಸಾಲೆ ಹಚ್ಚುವುದು, ಅಲ್ವಾ? ಅದನ್ನೇ ಕೇಳಿದೆ. ತೂಕ ನಮ್ಮ ಮುಂದೆ ಯಾಕೆ ಮಾಡಲಿಲ್ಲ? "ಅಡುಗೆಮನೆಯಲ್ಲಿ ಮಾಡಿದ್ದೇವೆ." ತಲೆ, ಹೊಟ್ಟೆ ಎಲ್ಲಾ ಸೇರಿಸಿಯೋ? "ಹಸಿ ಮೀನಿನ ತೂಕ ಸರ್." ಅಷ್ಟರಲ್ಲಿ ಮಾಲಕಿ ಬಂದರು. ನಾವು ಚೀಸ್ ಕೇಳಿಯೇ ಇಲ್ಲವಲ್ಲ ಅಂದೆ. "ಆದರೆ ತಿಂದಿರಲ್ಲ" ಅಂದರು. ಆ "ತಿಂದಿರಲ್ಲ" ಇನ್ನೂ ಕಿವಿಯಲ್ಲಿದೆ. ತಟ್ಟೆ ಖಾಲಿ, ಏನು ಹೇಳುವುದು? ಕೇಳದೇ ಬಂದ ಆ ತಟ್ಟೆಗಳಿಗೇ 7,400. ಮೇಲೆ ಶೇಕಡಾ 10 ಸರ್ವಿಸ್. ಸರ್ವಿಸ್ ಚಾರ್ಜ್ ಅಲ್ಲಿ ಬಹಳ ಕಡೆ ಇದೆ, ಅದಕ್ಕೆ ನನ್ನ ತಕರಾರಿಲ್ಲ.

ಡ್ರೈವರ್ ಮೂಲೆಯ ಟೇಬಲ್‌ನಲ್ಲಿ ಕೂತು ಊಟ ಮಾಡುತ್ತಿದ್ದ. ಅವನಿಗೆ ಬಿಲ್ ಬರಲೇ ಇಲ್ಲ, ನಾನು ನೋಡಿದ್ದೇನೆ. ಕೇಳಿದರೆ, "ನನಗೇನೂ ಗೊತ್ತಿಲ್ಲ ಬ್ರದರ್" ಅಂತ ಲವಾಶ್ ಹರಿದು ಬಾಯಿಗೆ ಹಾಕಿಕೊಂಡ.

ನನಗೆ ಜಾಸ್ತಿ ನಾಚಿಕೆ ಆದದ್ದು ಸಸ್ಯಾಹಾರಿ ಸ್ನೇಹಿತನ ಮುಂದೆ. ಬದನೆಕಾಯಿ ತಿಂದವನು ಮಾತಾಡದೆ ಸಮಪಾಲು ಕೊಡಲು ಪರ್ಸ್ ತೆಗೆದ. ಬೇಡ ಅಂತ ಅವನ ಪಾಲು ನಾನೇ ಕೊಟ್ಟೆ. ಟ್ರಿಪ್ ಪ್ಲಾನ್ ಮಾಡಿದ್ದೂ ನಾನೇ ತಾನೇ.

ರಾತ್ರಿ ಹೋಟೆಲ್ ರೂಮಿಗೆ ಬಂದು ಓದಿದಾಗ ಇನ್ನೂ ಒಂದು ಗೊತ್ತಾಯಿತು. ಸೆವಾನ್‌ನ ಅಸಲಿ ಇಶ್ಖಾನ್ ಅಳಿವಿನ ಅಂಚಿನಲ್ಲಿರುವ ಮೀನು, ಸರೋವರದಲ್ಲಿ ಅದನ್ನು ಹಿಡಿಯುವುದೇ ನಿಷೇಧ. ತಟ್ಟೆಗೆ ಬರುವುದು ಹೆಚ್ಚಾಗಿ ಸಾಕಿದ ಟ್ರೌಟ್ ಮೀನು. ಹಾಗಾದರೆ ಬೆಳಿಗ್ಗೆ ಹಿಡಿದದ್ದು ಯಾವುದು?

ಆರ್ಮೇನಿಯಾದ ಊಟ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮರುದಿನ ಯೆರೆವಾನ್‌ನಲ್ಲಿ ಸೊಪ್ಪು ತುಂಬಿದ ಝೆಂಗ್ಯಾಲೋವ್ ಹಾತ್ಸ್ ರೊಟ್ಟಿ ತಿಂದೆವು, ಸಸ್ಯಾಹಾರಿ ಸ್ನೇಹಿತ ಎರಡು ತಿಂದ. ಬಿಲ್ ನೋಡಿ ನಂಬಲಿಕ್ಕೇ ಆಗಲಿಲ್ಲ, ಅಷ್ಟು ಕಡಿಮೆ.

ಮೀನಾಗಲಿ, ಸುಟ್ಟ ಮಾಂಸ ಖೊರೊವಾತ್ಸ್ ಆಗಲಿ, ರೇಟ್ 100 ಗ್ರಾಂಗೋ ಇಡೀ ಪ್ಲೇಟಿಗೋ ಕೇಳಿ. ಕೇಳದೇ ಬಂದ ತಟ್ಟೆ ಮುಟ್ಟಬೇಡಿ, ವಾಪಸ್ ಕಳಿಸಿ. ಡ್ರೈವರ್‌ನ ಫ್ರೆಂಡ್ ಹೋಟೆಲ್‌ಗೆ ಮಾತ್ರ ಸತ್ತರೂ ಹೋಗಬೇಡಿ.

ನಿನ್ನೆ ಅದೇ ಡ್ರೈವರ್ ಮೆಸೇಜ್ ಮಾಡಿದ್ದಾನೆ, ಐದು ಸ್ಟಾರ್ ಕೊಡಿ ಬ್ರದರ್ ಅಂತ.